ಚಿಪ್‌ಗೆ ನಮ್ಮ ರಕ್ತದ ಪರಿಚಯವಾಗಲಿ

ಮಲೆನಾಡಿನಲ್ಲಿ ಮಳೆ ಹಿಂದೆ ಸರಿದು ಎಲೆ ಉದುರುವ ಹೊತ್ತಿಗೆ ಉಣುಗು ಏಳುತ್ತದೆ. ದರಗು ತರಲು ಕಾಡಿಗೆ ಹೋದವರ ಕಾಲಿಗೆ, ಮೇದು ಬಂದ ದನದ ಕಿವಿಗೆ ಅಂಟಿಕೊಂಡು ಅಂಗಳಕ್ಕೆ ಬರುತ್ತದೆ. ಕೆಲವೇ ದಿನಗಳಲ್ಲಿ ಮನೆಯಲ್ಲೊಬ್ಬರಿಗೆ ಸುಡುವ ಜ್ವರ, ಸೊಂಟ ಮುರಿಯುವ ನೋವು, ಕೆಂಪಡರಿದ ಕಣ್ಣು. ಅದು ಡೆಂಗಿಯೋ, ಇಲಿಜ್ವರವೋ, ಮಂಗನ ಕಾಯಿಲೆಯೋ ಎಂದು ಮುಖ ನೋಡಿ ಹೇಳಲು ಎಂಥ ಅನುಭವಿ ವೈದ್ಯರಿಗೂ ಆಗದು. ರಕ್ತವೇ ಹೇಳಬೇಕು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆಯ ವೈರಾಣು ಗುರುತಾದಾಗಿನಿಂದ ಆ ಸೀಮೆಯ ರಕ್ತದ ಮಾದರಿಗಳು ಬಹಳ ದೂರ ಪ್ರಯಾಣ ಮಾಡಿವೆ. ಐಸ್ ಪೆಟ್ಟಿಗೆಯಲ್ಲಿ ಕುಳಿತು ಶಿವಮೊಗ್ಗಕ್ಕೆ ಹೋಗಿವೆ, ಪುಣೆಗೆ ಹೋಗಿವೆ. ಅಪಾಯಕಾರಿ ವೈರಾಣುವಾದ್ದರಿಂದ ಅದನ್ನು ಎಲ್ಲೆಂದರಲ್ಲಿ ಮುಟ್ಟುವಂತಿಲ್ಲ ಎಂಬುದು ಒಂದು ಕಾರಣ. ಯಂತ್ರ, ಅದಕ್ಕೊಪ್ಪುವ ಕೋಣೆ, ಕೆಲಸ ಬಲ್ಲ ಕೈ ಈ ಮೂರೂ ತಾಲ್ಲೂಕಿನಲ್ಲಿ ಒಟ್ಟಿಗೆ ಸಿಗುತ್ತಿರಲಿಲ್ಲ ಎಂಬುದು ಇನ್ನೊಂದು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಈ ಕಾಯಿಲೆ ಹಲವರ ಜೀವ ತೆಗೆಯಿತು. ಇಂಥ ಊರುಗಳಲ್ಲಿ ವರದಿಗಾಗಿ ಕಾಯುವ ದಿನಗಳೂ ಕಾಯಿಲೆಯ ಒಂದು ಭಾಗವೇ. ವೈರಾಣು ರಕ್ತದಲ್ಲಿ ತುಂಬಿರುವುದು ಜ್ವರದ ಮೊದಲ ದಿನಗಳಲ್ಲಿ. ಆ ದಿನಗಳನ್ನೇ ಮಾದರಿ ದಾರಿಯಲ್ಲಿ ಕಳೆಯುತ್ತದೆ.

ಈಗ ಬ್ಯಾಟರಿಯಲ್ಲಿ ನಡೆಯುವ ಒಂದು ಪೆಟ್ಟಿಗೆ ಇದೆ. ಹೆಸರು ಟ್ರೂನ್ಯಾಟ್. ಅದರ ಮೂಲ ಸಂಶೋಧನೆ ನಡೆದದ್ದು ಬೆಂಗಳೂರಿನ ಬಿಗ್‌ಟೆಕ್ ಎಂಬ ಪ್ರಯೋಗಾಲಯದಲ್ಲಿ, ಚಂದ್ರಶೇಖರ ನಾಯರ್ ಮತ್ತು ಅವರ ಸಂಗಡಿಗರ ಕೈಯಲ್ಲಿ; ತಯಾರಿಕೆ ಗೋವಾದ ಮೋಲ್‌ಬಯೋ ಕಂಪನಿಯದ್ದು. ದೊಡ್ಡ ಪ್ರಯೋಗಾಲಯದಲ್ಲಿ ಮೇಜು ತುಂಬುವ ಪಿಸಿಆರ್ ಯಂತ್ರದ ಕೆಲಸವನ್ನು ಇದು ಬೆರಳ ತುದಿಯಲ್ಲಿ ಹಿಡಿಯಬಹುದಾದ ಒಂದು ಚಿಪ್ ಮೇಲೆ ಮಾಡುತ್ತದೆ. ರೋಗಾಣುವಿನ ತಳಿಬರಹದ ತುಣುಕನ್ನು ಕಾಯಿಸಿ, ತಣಿಸಿ, ಮತ್ತೆ ಕಾಯಿಸಿ ಪ್ರತಿ ಸುತ್ತಿನಲ್ಲೂ ಇಮ್ಮಡಿಗೊಳಿಸುವುದು ಪಿಸಿಆರ್‌ನ ತಿರುಳು. 30 ಸುತ್ತು ಮುಗಿಯುವಷ್ಟರಲ್ಲಿ ಒಂದು ತುಣುಕು 100 ಕೋಟಿ ದಾಟುತ್ತದೆ. ದೊಡ್ಡ ಹಂಡೆಯ ನೀರು ಕಾಯುವುದಕ್ಕೂ ಚಮಚದ ನೀರು ಕಾಯುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿ ಚಿಪ್‌ನ ಬಲ. ಕೆಲವೇ ಮೈಕ್ರೋಲೀಟರ್ ದ್ರವ ಕ್ಷಣದಲ್ಲಿ ಕಾಯುತ್ತದೆ, ಕ್ಷಣದಲ್ಲಿ ಆರುತ್ತದೆ, ಅದಕ್ಕೆ ಬ್ಯಾಟರಿಯ ಶಕ್ತಿ ಸಾಕು.

ಕ್ಷಯರೋಗ ಪತ್ತೆಗೆ ಸುಮಾರು ಒಂದು ಗಂಟೆ. ಔಷಧಿಗೆ ಬಗ್ಗದ ಕ್ಷಯವೇ ಎಂದು ತಿಳಿಯಲು ಇನ್ನೊಂದು ಗಂಟೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಇದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇದನ್ನು ಕೋವಿಡ್ ಪರೀಕ್ಷೆಗೂ ಬಳಸಬಹುದೆಂದಿತು. ಕ್ಷಯಕ್ಕೆಂದು ತಾಲ್ಲೂಕು ಆಸ್ಪತ್ರೆಗೆ ಬಂದಿದ್ದ ಪೆಟ್ಟಿಗೆಗಳು ಚಿಪ್ ಬದಲಿಸಿಕೊಂಡು ಕೋವಿಡ್ ಕೆಲಸಕ್ಕೆ ನಿಂತವು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಇದೇ ಪೆಟ್ಟಿಗೆಯಲ್ಲಿ ಮಂಗನ ಕಾಯಿಲೆ ಪತ್ತೆ ಹಚ್ಚುವ ಪರೀಕ್ಷೆಯನ್ನೂ ರೂಪಿಸಿದೆ. ಸೊರಬದ ಕಾಡಿನ ಪ್ರಶ್ನೆಗೆ ಬೆಂಗಳೂರಿನ ಚಿಪ್ ಉತ್ತರ ಕೊಡುವ ದಿನ ಬಂದಿದೆ ಎಂಬುದು ಸಣ್ಣ ಮಾತಲ್ಲ.

ಆದರೆ ಬಿಗ್‌ಟೆಕ್ ಈ ಕೆಲಸಕ್ಕೆ ಕೈ ಹಾಕಿದ್ದು 2000ದ ದಶಕದಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಮುದ್ರೆ ಬಿದ್ದದ್ದು 2020ರಲ್ಲಿ. ನಡುವಿನ ಆ ದೀರ್ಘ ಅವಧಿಯಲ್ಲಿ ಏನಾಯಿತು, ಅದಕ್ಕೆ ಯಾರು ಹಣ ಕೊಡಬೇಕು ಎಂಬುದೇ ಈ ಕ್ಷೇತ್ರದ ನಿಜವಾದ ಪ್ರಶ್ನೆ. ಚಿಪ್ ಕಂಡುಹಿಡಿದ ದಿನ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಆ ಚಿಪ್ ನಮ್ಮ ರಕ್ತ, ನಮ್ಮ ಕಫ, ನಮ್ಮ ಬಿಸಿಲು, ನಮ್ಮ ಧೂಳನ್ನು ತಾಳಿಕೊಳ್ಳುತ್ತದೆಯೇ ಎಂದು ಸಾವಿರಾರು ಸಲ ಪರೀಕ್ಷಿಸುವ ವರ್ಷಗಳಿಗೆ ಫೋಟೊ ಇಲ್ಲ, ಅನುದಾನವೂ ಕಡಿಮೆ. ಕರ್ನಾಟಕ ಹಣ ಹೂಡಬೇಕಾದದ್ದು ಅಲ್ಲಿಯೇ.

ಈ ಮಾತಿನ ಆಳ ತಿಳಿಯಲು ಚಿಪ್‌ನೊಳಕ್ಕೆ ಸ್ವಲ್ಪ ಇಳಿಯಬೇಕು. ಮೈಕ್ರೋಫ್ಲೂಯಿಡಿಕ್ಸ್ ಎಂದರೆ ಕೂದಲೆಳೆಯಷ್ಟು ಸಪೂರ ಕಾಲುವೆಗಳಲ್ಲಿ ದ್ರವ ಹರಿಸುವ ವಿದ್ಯೆ. ಒಂದು ಮಿಲಿಮೀಟರ್ ಉದ್ದ, ಅಗಲ, ಎತ್ತರದ ಡಬ್ಬಿಯಲ್ಲಿ ಹಿಡಿಯುವುದು ಒಂದು ಮೈಕ್ರೋಲೀಟರ್. ಆ ಗಾತ್ರಕ್ಕೆ ಇಳಿದಾಗ ನೀರಿನ ಗುಣವೇ ಬೇರೆ. ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಸೇರಿ ಸುಳಿ ತಿರುಗಿ ಒಂದಾಗುತ್ತವೆ. ಕೂದಲೆಳೆಯ ಕಾಲುವೆಯಲ್ಲಿ ಎರಡು ದ್ರವಗಳು ಅಕ್ಕಪಕ್ಕ ಹರಿದರೂ ಸುಳಿ ಏಳುವುದಿಲ್ಲ. ಎರಡು ಬಣ್ಣದ ರಿಬ್ಬನ್‌ಗಳಂತೆ ಬೇರೆಯಾಗಿಯೇ ಸಾಗುತ್ತವೆ. ಒಂದರ ಕಣಗಳು ಇನ್ನೊಂದರೊಳಗೆ ನಿಧಾನವಾಗಿ ಹರಡಿಕೊಂಡಾಗಷ್ಟೇ ಬೆರಕೆ. ಆದರೆ ಹರಡಬೇಕಾದ ದೂರ ಹತ್ತನೇ ಒಂದಾದರೆ ಅದಕ್ಕೆ ಬೇಕಾಗುವ ಸಮಯ ನೂರನೇ ಒಂದಾಗುತ್ತದೆ. ಪ್ರಯೋಗಾಲಯದ ಬಟ್ಟಲಿನಲ್ಲಿ ಗಂಟೆ ಹಿಡಿಯುವ ರಾಸಾಯನಿಕ ಭೇಟಿ ಇಲ್ಲಿ ನಿಮಿಷದೊಳಗೆ ಮುಗಿಯುವುದು ಈ ಲೆಕ್ಕದಿಂದ.

ಸ್ವಿಟ್ಜರ್ಲೆಂಡಿನ ಔಷಧ ಕಂಪನಿಯೊಂದರಲ್ಲಿದ್ದ ಆಂದ್ರೆಯಾಸ್ ಮಾಂಜ್ 1990ರಲ್ಲಿ ಇಡೀ ಪ್ರಯೋಗಾಲಯವನ್ನೇ ಒಂದು ಚಿಪ್‌ಗೆ ಇಳಿಸಬಹುದೆಂಬ ಕಲ್ಪನೆಯನ್ನು ಮುಂದಿಟ್ಟರು. ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ಗುಂಪು ಮೊದಲು ಸಿಲಿಕೋನ್ ರಬ್ಬರ್‌ನಲ್ಲಿ ಕಾಲುವೆ ಅಚ್ಚೊತ್ತುವ ಸುಲಭ ವಿಧಾನ ತೋರಿಸಿತು. 2007ರಲ್ಲಿ ರಬ್ಬರ್ ಕೂಡ ಬೇಡ, ಕಾಗದವೇ ಸಾಕು ಎಂದಿತು. ದೀಪದ ಬತ್ತಿ ಎಣ್ಣೆ ಹೀರುವಂತೆ ಕಾಗದ ತಾನೇ ದ್ರವವನ್ನು ಎಳೆದುಕೊಳ್ಳುತ್ತದೆ, ಪಂಪು ಬೇಕಾಗಿಲ್ಲ. ಇದು ಮುಖ್ಯವಾದ ತಿರುವು. ಯಾಕೆಂದರೆ ಅಂಗೈ ಮೇಲಿಡುವ ಚಿಪ್ ಎಂದು ಹೇಳಿಕೊಂಡ ಅದೆಷ್ಟೋ ಸಂಶೋಧನೆಗಳಲ್ಲಿ ಚಿಪ್ ಅಂಗೈ ಮೇಲೆಯೇ ಇರುತ್ತದೆ. ಅದನ್ನು ನಡೆಸುವ ಪಂಪು, ಲೇಸರ್, ಸೂಕ್ಷ್ಮದರ್ಶಕ ಕೋಣೆ ತುಂಬಿರುತ್ತವೆ. ಅಂಥದ್ದನ್ನು ಆಶಾ ಕಾರ್ಯಕರ್ತೆಯ ಚೀಲಕ್ಕೆ ಹಾಕಲಾಗದು.

ಬೆಂಗಳೂರಿನ ಅಚಿರಾ ಲ್ಯಾಬ್ಸ್‌ನಲ್ಲಿ ಧನಂಜಯ ದೆಂಡುಕೂರಿ ಮತ್ತು ಜೊತೆಗಾರರು ಈ ಬತ್ತಿಯ ಗುಣವನ್ನು ರೇಷ್ಮೆಯಲ್ಲಿ ಕಂಡುಕೊಂಡರು. ರೋಗದ ಗುರುತನ್ನು ಹಿಡಿಯುವ ಪ್ರತಿಕಾಯಗಳನ್ನು ರೇಷ್ಮೆ ನೂಲಿಗೆ ಲೇಪಿಸಿ, ಹಾಸು ಹೊಕ್ಕಾಗಿ ಮಗ್ಗದಲ್ಲಿ ನೇಯ್ದು, ಬಟ್ಟೆಯನ್ನು ಕತ್ತರಿಸಿದರೆ ಒಂದೊಂದು ತುಂಡೂ ಒಂದೊಂದು ಪರೀಕ್ಷೆ. 2011ರಲ್ಲಿ ಇದರ ಪ್ರಬಂಧ ಪ್ರಕಟವಾಯಿತು. ಕೋಟಿಗಟ್ಟಲೆ ಬೆಲೆಯ ಯಂತ್ರವಿಲ್ಲದೆ ಸಾವಿರಾರು ಪರೀಕ್ಷಾ ಪಟ್ಟಿ ತಯಾರಿಸುವ ವಿದ್ಯೆ ನಮ್ಮ ನೇಕಾರರ ಕೈಯಲ್ಲಿ ಮೊದಲೇ ಇತ್ತು ಎಂಬುದನ್ನು ಆ ಕೆಲಸ ತೋರಿಸಿಕೊಟ್ಟಿತು. ದೇಶದಲ್ಲೇ ಅತಿ ಹೆಚ್ಚು ರೇಷ್ಮೆ ಬೆಳೆಯುವ ರಾಜ್ಯ ಈ ಒಂದು ಎಳೆಯನ್ನು ಇನ್ನೂ ದೂರ ನೂಲಬಹುದಿತ್ತು.

ಕಾಲುವೆ ದ್ರವವನ್ನು ತಂದು ಮುಟ್ಟಿಸುತ್ತದೆ. ಮುಟ್ಟಿದ್ದು ಏನೆಂದು ಹೇಳಬೇಕಾದದ್ದು ಸೆನ್ಸರ್. ಈ ಕಥೆ ಶುರುವಾಗುವುದು 1962ರಲ್ಲಿ, ಅಮೆರಿಕದ ಲೀಲೆಂಡ್ ಕ್ಲಾರ್ಕ್ ಅವರಿಂದ. ಸಕ್ಕರೆಯನ್ನು ಮಾತ್ರ ಆರಿಸಿ ಒಡೆಯುವ ಕಿಣ್ವವೊಂದನ್ನು ವಿದ್ಯುದ್ವಾರದ ಮುಂದೆ ಕೂರಿಸಿದರೆ, ಸಕ್ಕರೆಯ ಪ್ರಮಾಣವನ್ನು ವಿದ್ಯುತ್ತಿನ ಲೆಕ್ಕದಲ್ಲಿ ಓದಬಹುದು ಎಂದರು ಅವರು. 1987ರಲ್ಲಿ ಆ ವಿದ್ಯೆ ಪೆನ್ನಿನ ಗಾತ್ರಕ್ಕೆ ಇಳಿದು ಮಾರುಕಟ್ಟೆಗೆ ಬಂತು. ಇವತ್ತು ಔಷಧದ ಅಂಗಡಿಯಲ್ಲಿ ಸಿಗುವ ಗ್ಲುಕೋಮೀಟರ್ ಅದರ ಮೊಮ್ಮಗು. ಇಂಗಾಲದ ಶಾಯಿಯನ್ನು ಪ್ಲಾಸ್ಟಿಕ್ ಮೇಲೆ, ಲಗ್ನಪತ್ರಿಕೆ ಅಚ್ಚು ಹಾಕುವ ಸ್ಕ್ರೀನ್ ಪ್ರಿಂಟಿಂಗ್ ವಿಧಾನದಲ್ಲೇ ಒತ್ತಿ ಆ ಪಟ್ಟಿಗಳನ್ನು ಮಾಡುತ್ತಾರೆ. ಮನೆಮನೆಗೆ ತಲುಪಿದ ಜೈವಿಕ ಸೆನ್ಸರ್ ಎಂದರೆ ಇದೊಂದೇ ಎನ್ನಬಹುದು.

ಇನ್ನೊಂದು ದಾರಿ ಸಿಲಿಕಾನಿನದ್ದು. ನೆದರ್ಲೆಂಡ್ಸ್‌ನ ಪೀಟ್ ಬೆರ್ಗ್‌ವೆಲ್ಡ್ 1970ರಲ್ಲಿ ಟ್ರಾನ್ಸಿಸ್ಟರಿನ ನೆತ್ತಿಯ ಮೇಲಿದ್ದ ಲೋಹದ ಮುಚ್ಚಳ ತೆಗೆದು, ಆ ಜಾಗದಲ್ಲಿ ದ್ರವವನ್ನೇ ಇಟ್ಟರು. ದ್ರವದಲ್ಲಿ ಆಮ್ಲೀಯತೆ ಏರಿದರೆ, ಇಳಿದರೆ ಟ್ರಾನ್ಸಿಸ್ಟರಿನಲ್ಲಿ ಹರಿಯುವ ವಿದ್ಯುತ್ತೂ ಬದಲಾಯಿತು. ನಾಲ್ಕು ದಶಕಗಳ ನಂತರ ಜೊನಾಥನ್ ರಾತ್‌ಬರ್ಗ್ ಅವರ ತಂಡ ಇಂಥ ಹತ್ತು ಲಕ್ಷಕ್ಕೂ ಹೆಚ್ಚು ಟ್ರಾನ್ಸಿಸ್ಟರುಗಳನ್ನು ಒಂದೇ ಚಿಪ್ ಮೇಲೆ ಜೋಡಿಸಿ, ಡಿಎನ್ಎ ಬೆಳೆಯುವಾಗ ಹೊಮ್ಮುವ ಆಮ್ಲದ ಸುಳಿವನ್ನೇ ಕೇಳಿ ತಳಿಬರಹ ಓದಿತು. 2011ರಲ್ಲಿ ಅವರು ಹೀಗೆ ಓದಿದ್ದು ಚಿಪ್ ಉದ್ಯಮದ ಹಿರಿಯ ಗಾರ್ಡನ್ ಮೂರ್ ಅವರ ತಳಿಬರಹವನ್ನು.

ಇಷ್ಟೆಲ್ಲ ಇದ್ದೂ ಸಿಲಿಕಾನ್ ಸೆನ್ಸರ್ ಯಾಕೆ ಇನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದಿಲ್ಲ? ಉತ್ತರ ಉಪ್ಪಿನಲ್ಲಿದೆ. ರೋಗದ ಗುರುತು ಚಿಪ್ ಮೇಲೆ ಬಂದು ಕೂತಾಗ ಅದರ ವಿದ್ಯುದಾವೇಶವನ್ನು ಟ್ರಾನ್ಸಿಸ್ಟರು ಗ್ರಹಿಸಬೇಕು. ಆದರೆ ರಕ್ತದಲ್ಲಿ ಉಪ್ಪಿನ ಅಯಾನುಗಳು ಕಿಕ್ಕಿರಿದಿವೆ. ಅವು ಯಾವ ಆವೇಶವನ್ನೇ ಆಗಲಿ ಸುತ್ತುವರಿದು ಮುಚ್ಚಿಬಿಡುತ್ತವೆ. ರಕ್ತದಲ್ಲಿ ಚಿಪ್‌ಗೆ ಕಾಣುವ ದೂರ ಒಂದು ನ್ಯಾನೊಮೀಟರಿಗಿಂತ ಕಡಿಮೆ. ಗುರುತನ್ನು ಹಿಡಿದು ನಿಲ್ಲುವ ಪ್ರತಿಕಾಯದ ಎತ್ತರವೇ ಸುಮಾರು ಹತ್ತು ನ್ಯಾನೊಮೀಟರ್. ದಟ್ಟ ಮಂಜಿನಲ್ಲಿ ಕೈ ಚಾಚಿದಷ್ಟು ದೂರವೂ ಕಾಣದ ಹಾಗೆ. ಅದಕ್ಕೇ ಅನೇಕ ಪ್ರಯೋಗಗಳಲ್ಲಿ ಉಪ್ಪು ತೆಳುವಾಗಿಸಿದ ಶುದ್ಧ ದ್ರಾವಣ ಬಳಸುತ್ತಾರೆ. ಅಲ್ಲಿ ಮಂಜು ಕರಗುತ್ತದೆ, ಚಿಪ್‌ಗೆ ಕಣ್ಣು ಬರುತ್ತದೆ, ಪ್ರಬಂಧ ಪ್ರಕಟವಾಗುತ್ತದೆ. ರಕ್ತದ ಹನಿ ಬಿದ್ದ ಕೂಡಲೇ ಅದೇ ಚಿಪ್ ಕುರುಡಾಗುತ್ತದೆ. ಸಾಲದ್ದಕ್ಕೆ ರಕ್ತದ ಪ್ರೋಟೀನುಗಳು ಹಾಲಿನ ಪಾತ್ರೆಯ ಅಂಚಿಗೆ ಕೆನೆ ಹಿಡಿದಂತೆ ಚಿಪ್ ಮೇಲ್ಮೈಗೆ ಮೆತ್ತಿಕೊಳ್ಳುತ್ತವೆ.

ಪ್ರಪಂಚದ ಬುದ್ಧಿವಂತ ಸಂಶೋಧಕರು ಇದಕ್ಕೆ ದಾರಿ ಹುಡುಕುತ್ತಿದ್ದಾರೆ, ಕೆಲವು ದಾರಿ ಸಿಕ್ಕಿವೆ ಕೂಡ. ಹೇಳಬೇಕಾದ ಮಾತು ಇಷ್ಟೇ: ಈ ವಿದ್ಯೆಯಲ್ಲಿ ಚಿಪ್ ಅರ್ಧ, ಹನಿ ಇನ್ನರ್ಧ.

ಹನಿಯನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಥೆರನೋಸ್ ಸಾಕ್ಷಿ. 2003ರಲ್ಲಿ ಎಲಿಜಬೆತ್ ಹೋಮ್ಸ್ ಕಟ್ಟಿದ ಈ ಅಮೆರಿಕನ್ ಕಂಪನಿ ಬೆರಳ ತುದಿಯ ಕೆಲವು ಹನಿ ರಕ್ತದಲ್ಲಿ ನೂರಾರು ಪರೀಕ್ಷೆ ಮಾಡುತ್ತೇವೆಂದಿತು. ಅದರ ಬೆಲೆಯನ್ನು ಹೂಡಿಕೆದಾರರು 900 ಕೋಟಿ ಡಾಲರ್ ಎಂದು ಕಟ್ಟಿದ್ದರು. 2015ರಲ್ಲಿ ಪತ್ರಕರ್ತ ಜಾನ್ ಕ್ಯಾರಿರೂ ಬಯಲಿಗೆಳೆದಾಗ ಗೊತ್ತಾಯಿತು, ಯಂತ್ರ ಹೇಳಿದ ಕೆಲಸ ಮಾಡುತ್ತಿರಲಿಲ್ಲ. 2018ರಲ್ಲಿ ಕಂಪನಿ ಬಾಗಿಲು ಹಾಕಿತು, 2022ರಲ್ಲಿ ಹೋಮ್ಸ್ ಅಪರಾಧಿ ಎಂದು ತೀರ್ಪಾಯಿತು. ತಪ್ಪು ವರದಿ ಹಿಡಿದು ಹೋದ ರೋಗಿಗಳ ಸಂಕಟಕ್ಕೆ ಯಾವ ತೀರ್ಪೂ ಸಮವಲ್ಲ.

2015ರಲ್ಲೇ ಇನ್ನೊಂದು ಕೆಲಸ ಸದ್ದಿಲ್ಲದೆ ಪ್ರಕಟವಾಗಿತ್ತು, ಅದನ್ನು ನೆನೆಯುವವರು ಕಡಿಮೆ. ಟೆಕ್ಸಸ್‌ನ ರೈಸ್ ವಿಶ್ವವಿದ್ಯಾಲಯದ ಮೀಗನ್ ಬಾಂಡ್ ಮತ್ತು ರೆಬೆಕ್ಕಾ ರಿಚರ್ಡ್ಸ್-ಕೋರ್ಟಮ್ ಒಂದೇ ಬೆರಳಿನಿಂದ ಒಂದರ ಹಿಂದೆ ಒಂದು ಹನಿ ತೆಗೆದು ಹಿಮೋಗ್ಲೋಬಿನ್, ರಕ್ತಕಣಗಳನ್ನು ಅಳೆದರು. ಹನಿಯಿಂದ ಹನಿಗೆ ಲೆಕ್ಕ ಏರುಪೇರಾಯಿತು. ರಕ್ತನಾಳದಿಂದ ತೆಗೆದ ರಕ್ತದಷ್ಟು ಸ್ಥಿರವಾದ ಉತ್ತರ ಬರಬೇಕಾದರೆ ಆರರಿಂದ ಒಂಬತ್ತು ಹನಿಗಳ ಸರಾಸರಿ ತೆಗೆಯಬೇಕಾಯಿತು. ಇಲ್ಲಿ ತಪ್ಪು ಯಂತ್ರದ್ದಲ್ಲ. ಬೆರಳನ್ನು ಹಿಂಡಿದಾಗ ರಕ್ತದ ಜೊತೆ ಅಂಗಾಂಶದ ನೀರೂ ಬರುತ್ತದೆ, ಹನಿಯಿಂದ ಹನಿಗೆ ಆ ಬೆರಕೆ ಬೇರೆ. ಇದನ್ನು ತಿಳಿದವರು ಯಾರೂ ಒಂದು ಹನಿಯ ಪವಾಡವನ್ನು ಕಣ್ಣು ಮುಚ್ಚಿ ನಂಬುವುದಿಲ್ಲ.

ಹಾಗಿದ್ದರೆ ಒಂದು ಹನಿಯ ಪರೀಕ್ಷೆಗಳನ್ನೇ ಬಿಡಬೇಕೇ? ಖಂಡಿತ ಬೇಡ. ಭಾರತೀಯ ವಿಜ್ಞಾನ ಸಂಸ್ಥೆಯ ನವಕಾಂತ ಭಟ್ ಅವರ ದಾರಿ ನೋಡಬೇಕು. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ಸ್ಟ್ಯಾನ್‌ಫರ್ಡ್‌ನಲ್ಲಿ ಪಿಎಚ್.ಡಿ ಮುಗಿಸಿ, 1999ರಲ್ಲಿ ಸಂಸ್ಥೆಗೆ ಬಂದವರು ಅವರು. ಟ್ರಾನ್ಸಿಸ್ಟರುಗಳನ್ನು ಬಲ್ಲವರು, ರಸಾಯನಶಾಸ್ತ್ರ ಬಲ್ಲ ವಿನಯ್ ಕುಮಾರ್ ಅವರೊಂದಿಗೆ ಸೇರಿ ಸಕ್ಕರೆ ಕಾಯಿಲೆಯ ಹಿಂದೆ ಬಿದ್ದರು. ಆ ಸಂಶೋಧನೆಯಿಂದ ಪಾಥ್‌ಶೋಧ್ ಎಂಬ ಕಂಪನಿ ಹುಟ್ಟಿತು. ಭಟ್ ಅವರಿಗೆ 2018ರ ಇನ್ಫೊಸಿಸ್ ಪ್ರಶಸ್ತಿಯೂ ಬಂತು.

ಅವರು ನೂರಾರು ಪರೀಕ್ಷೆಗಳ ಆಸೆ ತೋರಿಸಲಿಲ್ಲ. ಸಕ್ಕರೆ ಕಾಯಿಲೆಯ ರೋಗಿಗೆ ನಿಜವಾಗಿ ಬೇಕಾದ ಕೆಲವನ್ನು ಆರಿಸಿಕೊಂಡರು. ಈ ಕ್ಷಣದ ಸಕ್ಕರೆ, ಕಳೆದ ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ, ಎರಡು ಮೂರು ವಾರಗಳ ಕಥೆ ಹೇಳುವ ಸಕ್ಕರೆ ಅಂಟಿದ ಆಲ್ಬುಮಿನ್, ಹಿಮೋಗ್ಲೋಬಿನ್, ಮೂತ್ರಪಿಂಡ ಸೋಲುವ ಮೊದಲು ಮೂತ್ರದಲ್ಲಿ ಇಣುಕುವ ಆಲ್ಬುಮಿನ್. ಎಲ್ಲವೂ ಕೈಯಲ್ಲಿ ಹಿಡಿಯುವ ಒಂದು ಉಪಕರಣದಲ್ಲಿ, ಬೇರೆ ಬೇರೆ ಪಟ್ಟಿಗಳ ಮೇಲೆ. ಮೂತ್ರದ ಆ ಒಂದು ಪರೀಕ್ಷೆ ಸಮಯಕ್ಕೆ ನಡೆದರೆ ಎಷ್ಟು ಜನರನ್ನು ಡಯಾಲಿಸಿಸ್ ಕುರ್ಚಿಯಿಂದ ದೂರ ಇಡಬಹುದು ಎಂದು ಯೋಚಿಸಿದರೆ ಎದೆ ಭಾರವಾಗುತ್ತದೆ. ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಹೇಳಿದ ಲೆಕ್ಕದಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ ಇದೆ.

ಇಲ್ಲೊಂದು ತೊಡಕಿದೆ, ಅದು ಯಾವ ವಿದೇಶಿ ಪ್ರಬಂಧದಲ್ಲೂ ನಮ್ಮಷ್ಟು ದೊಡ್ಡದಾಗಿ ಕಾಣುವುದಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಹೆಣ್ಣುಮಕ್ಕಳಲ್ಲಿ ಶೇ 57ರಷ್ಟು ಜನರಿಗೆ ರಕ್ತಹೀನತೆ ಇದೆ. ರಕ್ತ ತೆಳುವಾದಾಗ, ಅಂದರೆ ಕೆಂಪು ಕಣಗಳ ಪಾಲು ಇಳಿದಾಗ, ಸಾಮಾನ್ಯ ಗ್ಲುಕೋಮೀಟರ್ ಸಕ್ಕರೆಯನ್ನು ಇರುವುದಕ್ಕಿಂತ ಹೆಚ್ಚು ತೋರಿಸುವ ಅಪಾಯವಿದೆ. ಕಬ್ಬಿಣದ ಕೊರತೆ ಎಚ್‌ಬಿಎ1ಸಿ ಲೆಕ್ಕವನ್ನೂ ಮೇಲೆತ್ತಬಲ್ಲದು. ಕುಡುಗೋಲು ಕಣದ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿಯನ್ನು ನಂಬುವಂತೆಯೇ ಇಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಈ ಕಾಯಿಲೆ ಇದೆ ಎಂಬುದು ಅಲ್ಲಿ ದುಡಿದ ವೈದ್ಯರಿಗೆ ಬಹಳ ಕಾಲದಿಂದ ಗೊತ್ತು. ಅಂದರೆ ಗಟ್ಟಿ ರಕ್ತವನ್ನು ಮಾದರಿಯಾಗಿಟ್ಟುಕೊಂಡು ಅಳತೆಗೆ ಕೂರಿಸಿದ ಪಟ್ಟಿಯೊಂದು ಸಿಂಧನೂರಿನ ಬಸುರಿಯ ಬೆರಳಿಗೆ ತಾಗಿದಾಗ ಸುಳ್ಳು ಹೇಳಬಹುದು. ಆ ಸುಳ್ಳನ್ನು ನಂಬಿ ಆಕೆಗೆ ಔಷಧಿ ಶುರುವಾಗಬಹುದು.

ಇದರ ಮೇಲೆ ಬಿಸಿಲು. ಸಕ್ಕರೆ ಪರೀಕ್ಷೆಯ ಪಟ್ಟಿಯ ಡಬ್ಬಿಯ ಮೇಲೆ ಸಾಮಾನ್ಯವಾಗಿ 30 ಡಿಗ್ರಿ ಒಳಗೆ ಇಡಿ ಎಂದು ಬರೆದಿರುತ್ತದೆ. ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ 40 ದಾಟುವುದು ಮಾಮೂಲು. ಕರೆಂಟು ಹೋದ ಉಪಕೇಂದ್ರದ ಕಪಾಟಿನಲ್ಲಿ, ಸ್ಕೂಟರಿನ ಡಿಕ್ಕಿಯಲ್ಲಿ, ಆಶಾ ಕಾರ್ಯಕರ್ತೆಯ ಹೆಗಲ ಚೀಲದಲ್ಲಿ ಆ ಪಟ್ಟಿಯ ಕಿಣ್ವ ಎಷ್ಟು ದಿನ ಬದುಕುತ್ತದೆ? ಟ್ರೂನ್ಯಾಟ್‌ನ ಯಶಸ್ಸಿನಲ್ಲಿ ಒಂದು ದೊಡ್ಡ ಪಾಲು ಅದರ ಚಿಪ್‌ನದ್ದು ನಿಜ, ಆದರೆ ಫ್ರಿಜ್ ಬೇಡದಂತೆ ಒಣಗಿಸಿಟ್ಟ ರಾಸಾಯನಿಕಗಳ ಪಾಲು ಅದಕ್ಕಿಂತ ಕಡಿಮೆಯೇನಲ್ಲ. ಒಣಗಿಸುವ ವಿದ್ಯೆಯ ಬಗ್ಗೆ ಯಾರೂ ಭಾಷಣ ಮಾಡುವುದಿಲ್ಲ.

ಈಗ ದೇಶದ ಚಿಪ್ ಕನಸಿನ ಮಾತು. ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ ಸೆಮಿಕಂಡಕ್ಟರ್ ಮಿಷನ್‌ಗೆ 76,000 ಕೋಟಿ ರೂಪಾಯಿ ಎತ್ತಿಟ್ಟಿತು. ಗುಜರಾತಿನ ಧೊಲೇರಾದಲ್ಲಿ ಟಾಟಾ ಕಂಪನಿ ತೈವಾನಿನ ಪಿಎಸ್‌ಎಂಸಿ ಜೊತೆ ಕಟ್ಟುತ್ತಿರುವ ಕಾರ್ಖಾನೆ 28ರಿಂದ 110 ನ್ಯಾನೊಮೀಟರ್ ಅಳತೆಯ ಚಿಪ್‌ಗಳಿಗೆ. ಇಷ್ಟು ಸಾಲದು, 3 ನ್ಯಾನೊಮೀಟರ್ ಯಾವಾಗ ಎಂದು ಕೇಳುವವರೇ ಹೆಚ್ಚು. ಮೊಬೈಲಿಗೆ, ಕೃತಕ ಬುದ್ಧಿಮತ್ತೆಯ ಯಂತ್ರಗಳಿಗೆ ಆ ಪ್ರಶ್ನೆ ಸರಿ. ರಕ್ತ ಪರೀಕ್ಷೆಯ ಸೆನ್ಸರಿಗೆ ಅದು ಸಂಬಂಧವಿಲ್ಲದ ಪ್ರಶ್ನೆ. ಪ್ರೋಟೀನು, ಕಿಣ್ವ, ರಕ್ತಕಣಗಳೊಂದಿಗೆ ವ್ಯವಹರಿಸುವ ಸೆನ್ಸರಿಗೆ 180 ನ್ಯಾನೊಮೀಟರ್ ತಂತ್ರ ಧಾರಾಳವಾಗಿ ಸಾಕು, ಎಷ್ಟೋ ಕಡೆ ಅದಕ್ಕಿಂತ ಒರಟಾದದ್ದೂ ನಡೆಯುತ್ತದೆ. ಮೊಹಾಲಿಯ ಸರ್ಕಾರಿ ಸೆಮಿಕಂಡಕ್ಟರ್ ಪ್ರಯೋಗಾಲಯದಲ್ಲಿ 180 ನ್ಯಾನೊಮೀಟರಿನ ಸಾಲು ಈಗಾಗಲೇ ಇದೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ರಾಷ್ಟ್ರೀಯ ನ್ಯಾನೊ ತಯಾರಿಕಾ ಕೇಂದ್ರವಿದೆ. ದೇಶದ ಬೇರೆ ಕಾಲೇಜುಗಳ ಸಂಶೋಧಕರೂ ಬಂದು ಅಲ್ಲಿ ಕೆಲಸ ಮಾಡುವ ಯೋಜನೆ 2008ರಿಂದಲೇ ನಡೆದಿದೆ. ಬೇಕಾದ ಚಿಪ್ ಮಾಡುವ ಕುಲುಮೆ ನಮ್ಮಲ್ಲಿ ಆಗಲೇ ಉರಿಯುತ್ತಿದೆ.

ಇಲ್ಲದಿರುವುದು ಆ ಚಿಪ್‌ಗೆ ದಿನನಿತ್ಯ ರಕ್ತ ಉಣಿಸುವ ವ್ಯವಸ್ಥೆ. ಹೊಸ ಸೆನ್ಸರ್ ಮಾಡಿದ ಎಂಜಿನಿಯರ್ ಅದನ್ನು ಪರೀಕ್ಷಿಸಬೇಕೆಂದರೆ ಆಸ್ಪತ್ರೆಯೊಂದರ ಬಾಗಿಲು ತಟ್ಟಬೇಕು, ನೀತಿ ಸಮಿತಿಯ ಒಪ್ಪಿಗೆ ಪಡೆಯಬೇಕು, ರೋಗಿಗಳ ಸಮ್ಮತಿ ಪಡೆಯಬೇಕು, ಅದೇ ರಕ್ತವನ್ನು ನಂಬಿಕೆಯ ದೊಡ್ಡ ಯಂತ್ರದಲ್ಲೂ ಅಳೆಯಿಸಿ ಹೋಲಿಸಬೇಕು. ಈ ಒಪ್ಪಿಗೆಗಳು ಬೇಕೇ ಬೇಕು, ಅವುಗಳಲ್ಲಿ ಒಂದನ್ನೂ ಸಡಿಲಿಸುವಂತಿಲ್ಲ. ಥೆರನೋಸ್ ನಂತರವಂತೂ ಆ ಮಾತೇ ಬೇಡ. ಆದರೆ ಪ್ರತಿ ತಂಡವೂ ಪ್ರತಿ ಸಲವೂ ಮೊದಲಿನಿಂದ ಈ ದಾರಿ ಸವೆಸುವುದು ಶುದ್ಧ ವ್ಯರ್ಥ. ರಾಜ್ಯದ ನಾಲ್ಕೈದು ಸರ್ಕಾರಿ ವೈದ್ಯಕೀಯ ಕಾಲೇಜುಗಳು ಇದನ್ನು ತಮ್ಮ ಕೆಲಸವೆಂದು ಕೈಗೆತ್ತಿಕೊಳ್ಳಲಿ. ರಾಯಚೂರಿನಲ್ಲಿ ರಕ್ತಹೀನ ಬಸುರಿಯರ ರಕ್ತ, ಚಾಮರಾಜನಗರದಲ್ಲಿ ಕುಡುಗೋಲು ಕಣದ ರಕ್ತ, ಶಿವಮೊಗ್ಗದಲ್ಲಿ ಉಣುಗಿನ ಜ್ವರದ ರಕ್ತ, ಬೆಂಗಳೂರಿನಲ್ಲಿ ಸಕ್ಕರೆ ಕಾಯಿಲೆ ಹಳತಾದವರ ರಕ್ತ, ಮೂತ್ರ. ಹೆಸರು ಅಳಿಸಿ, ಸಮ್ಮತಿ ಪಡೆದು, ಸರಿಯಾಗಿ ಅಳೆದು ಇಟ್ಟ ಮಾದರಿಗಳು ಅಲ್ಲಿರಲಿ. ಹೊಸ ಪಟ್ಟಿ, ಹೊಸ ಚಿಪ್ ತಂದವರಿಗೆ ವಾರಗಳಲ್ಲಿ ಉತ್ತರ ಸಿಗಲಿ. ಚಿಪ್ ಸೋತರೆ ಸೋತಿತೆಂದು ಬರೆದುಕೊಡಲಿ, ಆ ಸೋಲೂ ಪ್ರಕಟವಾಗಲಿ.

ಇದಕ್ಕೆ ಬೇಕಾಗುವ ಹಣ ಒಂದು ಚಿಪ್ ಕಾರ್ಖಾನೆಗೆ ಕೊಡುವ ಸಹಾಯಧನದ ಮುಂದೆ ಏನೂ ಅಲ್ಲ.

ಖರೀದಿಯ ರೀತಿಯೂ ಬದಲಾಗಬೇಕು. ಯಂತ್ರದ ಬೆಲೆ ನೋಡಿ ಟೆಂಡರ್ ಕೊಡುವ ಅಭ್ಯಾಸ ನಮ್ಮಲ್ಲಿದೆ; ಯಂತ್ರ ಒಂದು ಸಲದ ಖರ್ಚು, ಚಿಪ್ ಮತ್ತು ಪಟ್ಟಿ ದಿನದಿನದ ಖರ್ಚು. ಕ್ಷಯಪತ್ತೆಗೆ 2010ರಿಂದ ಜಗತ್ತಿನ ಮಾನದಂಡವಾಗಿದ್ದ ಜೀನ್‌ಎಕ್ಸ್‌ಪರ್ಟ್ ಯಂತ್ರದ ಕಾರ್ಟ್ರಿಜ್ ಬೆಲೆ ಬಡ ದೇಶಗಳಿಗೆ ವರ್ಷಗಟ್ಟಲೆ 9.98 ಡಾಲರಿನಲ್ಲೇ ನಿಂತಿತ್ತು. ಆರೋಗ್ಯ ಹೋರಾಟಗಾರರು ಬಿಡದೆ ಒತ್ತಿದ ಮೇಲೆ 2023ರಲ್ಲಿ 7.97ಕ್ಕೆ ಇಳಿಯಿತು. ಒಂದೇ ಕಂಪನಿಯ ಕಾರ್ಟ್ರಿಜ್ ಮೇಲೆ ಕೂತ ಯಂತ್ರ, ಅದು ದೇಶಿಯಾಗಿರಲಿ ವಿದೇಶಿಯಾಗಿರಲಿ, ಇದೇ ಪಾಡಿಗೆ ಬರಬಹುದು. ಯಂತ್ರ ಕೊಳ್ಳುವಾಗಲೇ ಮುಂದಿನ ಐದು ವರ್ಷಗಳ ಚಿಪ್, ಪಟ್ಟಿಯ ಬೆಲೆಯನ್ನೂ ಪೂರೈಕೆಯನ್ನೂ ಕರಾರಿನಲ್ಲಿ ಬರೆಸಿಕೊಳ್ಳಬೇಕು. 40 ಡಿಗ್ರಿಯಲ್ಲಿ ಇಟ್ಟ ಪಟ್ಟಿಯ ವರದಿ ಇಲ್ಲದ ಉಪಕರಣವನ್ನು ಕಲ್ಯಾಣ ಕರ್ನಾಟಕದ ಟೆಂಡರಿಗೆ ಸೇರಿಸಲೇಬಾರದು.

ಹನಿ ತೆಗೆಯುವ ಕೈಯನ್ನೂ ಮರೆಯುವಂತಿಲ್ಲ. ಬೆರಳನ್ನು ಬೆಚ್ಚಗಾಗಿಸಿ, ಬದಿಯಲ್ಲಿ ಚುಚ್ಚಿ, ಮೊದಲ ಹನಿಯನ್ನು ಒರೆಸಿ, ಹಿಂಡದೆ ಎರಡನೆಯದನ್ನು ಪಟ್ಟಿಗೆ ಮುಟ್ಟಿಸುವುದು ಕಲಿಯಬೇಕಾದ ಕುಶಲತೆ. ಅದನ್ನು ಮನೆ ಬಾಗಿಲಲ್ಲಿ ಮಾಡಬೇಕಾದವರು ಆಶಾ ಕಾರ್ಯಕರ್ತೆಯರು, ಕಿರಿಯ ಆರೋಗ್ಯ ಸಹಾಯಕಿಯರು. ಉಪಕರಣದ ಪರದೆ ಇಂಗ್ಲಿಷಿನಲ್ಲಿ ಮಾತನಾಡಿ, ಅದರ ಕೈಪಿಡಿಯೂ ಇಂಗ್ಲಿಷಿನಲ್ಲೇ ಬಂದರೆ ಅವರಿಗೆ ಅನ್ಯಾಯ, ರೋಗಿಗೆ ಅದಕ್ಕಿಂತ ಹೆಚ್ಚು. ಬೆಂಗಳೂರಿನಲ್ಲಿ ಹುಟ್ಟಿದ ಪೆಟ್ಟಿಗೆ ಕನ್ನಡದಲ್ಲಿ ಉತ್ತರ ಹೇಳಲಿ. ಪ್ರತಿ ಪರೀಕ್ಷೆಗೂ ಅವರಿಗೆ ಸಂಭಾವನೆ ಸಿಗಲಿ, ಮತ್ತು ಅವರು ಯಂತ್ರದ ತಪ್ಪು ಕಂಡರೆ ಅದನ್ನು ಬರೆದು ಕಳಿಸುವ ದಾರಿ ನೇರವಾಗಿ ಸಂಶೋಧಕರ ಮೇಜಿಗೆ ಹೋಗಲಿ.

ಉಣುಗು ಏಳುವುದು ನವೆಂಬರ್ ಕಳೆದ ಮೇಲೆ. ಅಷ್ಟರೊಳಗೆ ಸಾಗರ, ಸೊರಬ, ತೀರ್ಥಹಳ್ಳಿ, ಸಿದ್ದಾಪುರದ ತಾಲ್ಲೂಕು ಆಸ್ಪತ್ರೆಗಳಲ್ಲಿ ಪೆಟ್ಟಿಗೆ ಇದೆಯೇ ಎಂದಷ್ಟೇ ಕೇಳಿ ಆರೋಗ್ಯ ಇಲಾಖೆ ಸುಮ್ಮನಾಗಬಾರದು. ಅದರೊಳಗೆ ಹಾಕುವ ಮಂಗನ ಕಾಯಿಲೆಯ ಚಿಪ್‌ಗಳು ಎಷ್ಟಿವೆ, ಅವುಗಳ ಅವಧಿ ಯಾವ ತಿಂಗಳಿಗೆ ಮುಗಿಯುತ್ತದೆ, ಅವನ್ನು ನಡೆಸಲು ಕಲಿತವರು ಯಾರು ಎಂಬ ಮೂರು ಸಾಲುಗಳನ್ನು ಬರೆದು ಆಸ್ಪತ್ರೆಯ ಬಾಗಿಲ ಪಕ್ಕದ ಹಲಗೆಗೆ ಹಚ್ಚಬೇಕು.